ಮೂಗರ್ಜಿಯಲ್ಲೊಂದು ಖಾಲಿ ಚೌಕ

ಕೋಣೆ ಎಡಗಡೆಗಿತ್ತು.

ಭೂತಗನ್ನಡಿ ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಇನ್ನೊಮ್ಮೆ ನೋಡಿದರು. ಬಲಗಡೆ ಬರೀ ಗೋಡೆ, ಗೋಡೆಗೆ ಮೊಳೆ, ಮೊಳೆಗೊಂದು ಕೊಡೆ. ಎಡಗಡೆ ಚಿಕ್ಕ ಕೋಣೆ, ಅದಕ್ಕೆ ಹಸಿರು ಪರದೆ. ಕೈಯಲ್ಲಿದ್ದ ಮೂಗರ್ಜಿಯ ನಕಲನ್ನು ಮತ್ತೆ ಬಿಡಿಸಿ ಓದಿದರು.

"ಅಡುಗೆಮನೆಯ ಬಲಗಡೆಯ ಚಿಕ್ಕ ಕೋಣೆಯಲ್ಲಿ, ಹಸಿರು ಪರದೆಯ ಹಿಂದೆ, ಒಂಟಿ ಮಂಚದ ಮೇಲೆ ಆಕೆ ಮಲಗುತ್ತಾಳೆ. ಇವರದು ವೀಸಾಕ್ಕಾಗಿ ಮಾಡಿಕೊಂಡ ಕಾಗದದ ಮದುವೆಯೆಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ."

ಬರೆದವರಿಗೆ ಪರದೆಯ ಬಣ್ಣ ಗೊತ್ತು. ಮಂಚ ಒಂಟಿ ಎಂಬುದೂ ಗೊತ್ತು. ಎಡ ಯಾವುದು, ಬಲ ಯಾವುದು ಎಂಬುದು ಮಾತ್ರ ಗೊತ್ತಿಲ್ಲ!

ಹೆಸರಿಲ್ಲದ ಈ ಹಾಳೆ ವೀಸಾ ಕಚೇರಿಗೆ ಬಂದು ಬಿದ್ದು ಹದಿನಾರು ದಿನವಾಗಿತ್ತು. ಅದರಿಂದಾಗಿ, ಸರದಿಗೂ ಕಾಯದೆ, ನಾಳೆ ಹನ್ನೊಂದು ಗಂಟೆಗೆ ಬೀಗ ರಿಪೇರಿಯವನನ್ನೂ ಅವನ ಹೆಂಡತಿ ಹೊಲಿಗೆಯವಳನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳುವವರಿದ್ದರು. ಅಷ್ಟರೊಳಗೆ ಹಾಳೆ ಸುಳ್ಳೆಂದು ತೋರಿಸದಿದ್ದರೆ ಆಕೆಯ ಪಿಆರ್, ಅಂದರೆ ಕಾಯಂ ವಾಸದ ಅರ್ಜಿ ವಜಾ, ಇಪ್ಪತ್ತೆಂಟು ದಿನದಲ್ಲಿ ಗಂಟುಮೂಟೆ ಕಟ್ಟಿ ಈ ದೇಶ ಬಿಡಬೇಕು.

ಸಾಹೇಬರು ಅದೇ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗಂಡ ಹೆಂಡಿರ ಕಡತ ನೋಡಿ ಕಣ್ಣು ಸವೆಸಿಕೊಂಡವರು. ಸಹಿಯ ಬಾಲ ಎಲ್ಲಿ ಅಲುಗಿದೆ ಎಂದು ಮಸೂರ ಹಿಡಿದು ಹುಡುಕುತ್ತಿದ್ದುದಕ್ಕೆ ಸಹೋದ್ಯೋಗಿಗಳು ಇಟ್ಟ ಹೆಸರು ಭೂತಗನ್ನಡಿ. ನಿವೃತ್ತಿಯ ದಿನ ಹಾರ ಹಾಕಿ, ಹೆಸರನ್ನೂ ಜೊತೆಗೇ ಕಟ್ಟಿ ಮನೆಗೆ ಕಳಿಸಿದ್ದರು. ಈಗ ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ ಇಂಥ ಹುಡುಕಾಟಕ್ಕೆ ಹೊರಡುತ್ತಾರೆ. ಮೊನ್ನೆ ಬೀಗದವನು ಬಂದದ್ದೂ ಹಾಗೆಯೇ.

"ಈ ಮಂಚದ ಮೇಲೆ ಯಾರಮ್ಮ ಮಲಗೋದು?" ಎಂದು ಪರದೆ ಸರಿಸಿ ಕೇಳಿದರು.

ಹೊಲಿಗೆಯವಳು ಮಿಷನ್ನಿನಿಂದ ತಲೆ ಎತ್ತಿದಳು. "ಕತ್ತರಿಸಿದ ಬಟ್ಟೆ ಮಲಗುತ್ತೆ ಸಾಹೇಬರೇ. ಮನುಷ್ಯರಿಗೆ ಜಾಗ ಎಲ್ಲಿದೆ?"

ನಿಜವೇ. ಮಂಚದ ತುಂಬಾ ತೋಳು, ಕಾಲರು, ಜೇಬು. ಯಾವುದಕ್ಕೂ ಇನ್ನೂ ಮೈ ಸೇರಿರಲಿಲ್ಲ.

"ನಿಮ್ಮವರು?"

"ಬೆಳಿಗ್ಗೆ ಎಂಟಕ್ಕೇ ಹೋದ್ರು. ಯಾವುದೋ ಆಫೀಸಿನ ಕೆಲಸ ಅಂದ್ರು. ಊಟಕ್ಕೂ ಬಂದಿಲ್ಲ."

ಸಾಹೇಬರು ಬಗಲಚೀಲದಿಂದ ಗಂಡ ಹೆಂಡಿರ ಅರ್ಜಿಯ ನಕಲು ತೆಗೆದರು. ಎರಡು ವರ್ಷದ ಬಾಡಿಗೆ ಕರಾರು, ಇಬ್ಬರ ಹೆಸರಿನ ಕರೆಂಟು ಬಿಲ್ಲು, ಹನ್ನೆರಡು ಫೋಟೋ. ಒಂಬತ್ತನೆಯ ಫೋಟೋ ಇದೇ ಜಾಗದ್ದು. ಬೀಗದವನು ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತಿದ್ದಾನೆ, ಸರಿಸಿದ ಹಸಿರು ಪರದೆಯಾಚೆ, ಮಂಚದ ಪಕ್ಕ ಈಕೆ ಮಿಷನ್ ತುಳಿಯುತ್ತಿದ್ದಾಳೆ. ಫೋಟೋದಲ್ಲೂ ಕೋಣೆ ಎಡಗಡೆಗೇ ಇತ್ತು.

"ಮದುವೆಗೆ ಮುಂಚೆ, ವೀಸಾಕ್ಕೆ ಕಾಯೋವಾಗ ಬರೆದುಕೊಂಡ ಪತ್ರಗಳು ಇರಬೇಕಲ್ಲ? ಕಡತದಲ್ಲಿ ಒಂದೂ ಕಾಣಲಿಲ್ಲ."

ಅವಳ ಕೆನ್ನೆ ಕೆಂಪಾಯಿತು. "ಮದುವೆ ಆದ್ಮೇಲಿಂದು ಸಾಹೇಬರೇ. ಹದಿನಾಲ್ಕು ತಿಂಗಳು ಅವರು ಇಲ್ಲಿ, ನಾನು ಅಲ್ಲಿ. ವಾರಕ್ಕೊಂದು ಪತ್ರ. ಇವೆ. ಆದ್ರೆ ಅದನ್ನ ಆಫೀಸಿಗೆ ಕೊಡಲ್ಲ ಅಂದೆ. ಅವರಿಗೆ ಬಿಲ್ಲು ಸಾಕು."

ಸಾಹೇಬರಿಗೆ ನಗು ಬಂತು. ಪ್ರೀತಿಗೆ ಕರೆಂಟು ಬಿಲ್ಲು ಸಾಕ್ಷಿ ಹೇಳಬೇಕಾದ ಕಾಲ. ಮೂವತ್ತೊಂದು ವರ್ಷ ಅಂಥ ಬಿಲ್ಲುಗಳನ್ನು ತಾವೇ ಎಣಿಸಿದ್ದರಲ್ಲ, ಯಾರನ್ನು ಬೈಯುವುದು?

"ಆ ಫೋಟೋಗಳನ್ನ ಎಲ್ಲಿ ತೊಳೆಸಿದ್ರಿ?"

"ಇವರ ಹತ್ರ ಒಂದು ಹಳೇ ರೀಲ್ ಕ್ಯಾಮೆರಾ ಇದೆ. ರೀಲ್ ತೊಳೆಯೋರು ಈಗ ಒಬ್ಬರೇ ಉಳಿದಿರೋದು. ಟ್ರಾಮ್ ನಿಲ್ದಾಣದ ಹಿಂದಿನ ಸ್ಟುಡಿಯೋ."

ಸಾಹೇಬರು ಉತ್ತರ ಮುಗಿಯುವ ಮೊದಲೇ ತಮ್ಮ ಕೊಡೆ ಎತ್ತಿಕೊಂಡಿದ್ದರು. ಆ ಸ್ಟುಡಿಯೋದ ದಾರಿಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

*

ಮೆಟ್ಟಿಲು ಏಳೇ. ಆದರೆ ಏಳನೆಯದು ಈಗಲೂ ಮೊದಲಿನಂತೆ ಒಂದಂಗುಲ ಹೆಚ್ಚು ಎತ್ತರ. ನಲವತ್ತು ವರ್ಷದ ಹಿಂದೆ ಜೋಡಿ ಫೋಟೋ ತೆಗೆಸಲು ಬಂದಾಗ ಅದಕ್ಕೆ ಎಡವಿ ಅವರು ಹೆಂಡತಿಯ ಮೇಲೇ ಬಿದ್ದಿದ್ದರು. "ನಿಮ್ಮನ್ನ ಕರೆಸಿಕೊಂಡಿದ್ದಕ್ಕೆ ಇದು ಮೊದಲ ಬಹುಮಾನ" ಎಂದು ಅವಳು ನಕ್ಕಿದ್ದಳು. ಅವಳು ಇಲ್ಲಿ ಆಸ್ಪತ್ರೆಯ ನರ್ಸು. ಇವರು ಅವಳ ಸಹಿಯ ಮೇಲೆ ಸ್ಪೌಸ್ ವೀಸಾದಲ್ಲಿ ಬಂದಿಳಿದ ಗಂಡ. ಹೆಂಡತಿಯ ಹೆಸರಿನಲ್ಲಿ ದೇಶಕ್ಕೆ ಬಂದವನೆಂದು ಊರಲ್ಲಿ ಆಡಿಕೊಂಡು ನಕ್ಕವರು ನಕ್ಕರು. ಅವರ ಹಲ್ಲು ಅವರ ಬಾಯಿ.

ಸಂದರ್ಶನದಲ್ಲಿ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಹೆಂಡತಿ ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿಕೊಳ್ಳುತ್ತಾರೆ? ಇವರು ಎರಡು ಎಂದರು. ಅವಳು ಆಚೆಯ ಕೋಣೆಯಲ್ಲಿ "ನಾನು ಸಕ್ಕರೆ ಬಿಟ್ಟು ವರ್ಷ ಆಯ್ತು, ಅವರಿಗಿನ್ನೂ ಗೊತ್ತಾಗಿಲ್ಲ" ಎಂದಿದ್ದಳು. ಅಧಿಕಾರಿ ನಕ್ಕು ಮೊಹರು ಒತ್ತಿದ್ದ. ಇಷ್ಟು ಪೆದ್ದಾಗಿ ತಪ್ಪುವವನು ನಿಜವಾದ ಗಂಡನೇ ಇರಬೇಕು ಎಂದನಂತೆ.

ಅವಳು ಹೋಗಿ ಆರು ವರ್ಷವಾಯಿತು. ಸಾಹೇಬರು ಏಳನೆಯ ಮೆಟ್ಟಿಲನ್ನು ನೋಡಿಕೊಂಡೇ ಹತ್ತಿದರು.

"ಬಂದ್ಯಾ? ಸತ್ತಿದೀಯ ಅಂತ ಗೋಡೆ ಮೇಲೆ ನಿನ್ನ ಫೋಟೋಕ್ಕೆ ಜಾಗ ಮಾಡ್ತಿದ್ದೆ" ಎಂದು ಸ್ಟುಡಿಯೋದವನು ಕುರ್ಚಿ ತಳ್ಳಿದ. ಅವನಿಗೂ ಎಪ್ಪತ್ತು ದಾಟಿತ್ತು. ಬೆರಳ ತುದಿಗಳು ಮಾತ್ರ ಇವತ್ತಿಗೂ ಔಷಧಿ ನೀರಿನ ಕಂದು ಬಣ್ಣ.

"ನಿನ್ನನ್ನ ಕಳಿಸಿಯೇ ಹೋಗ್ತೀನಿ. ಇದನ್ನ ನೋಡು."

ಒಂಬತ್ತನೆಯ ಫೋಟೋ ಕಂಡದ್ದೇ ಸ್ಟುಡಿಯೋದವನು ಹಣೆ ಚಚ್ಚಿಕೊಂಡ. "ಅಯ್ಯೋ, ಇದಾ! ಇದರಲ್ಲಿ ನನ್ನ ಮರ್ಯಾದೆ ಹೋಗಿತ್ತು ಕಣೋ. ಕಣ್ಣು ಮಂಜು. ನೆಗೆಟಿವ್ ತಿರುವುಮುರುವು ಇಟ್ಟು ಪ್ರಿಂಟ್ ಹಾಕಿಬಿಟ್ಟಿದ್ದೆ. ಮನೆಗೆ ಮನೆಯೇ ಎಡದ್ದು ಬಲಕ್ಕೆ."

ಸಾಹೇಬರು ಕುರ್ಚಿಯ ತುದಿಗೆ ಬಂದರು. "ಯಾರು ಕಂಡುಹಿಡಿದ್ರು?"

"ಆ ಹುಡುಗಿಯೇ. ಫೋಟೋ ಕೈಗೆ ತಗೊಂಡವಳೇ ನಗೋಕೆ ಶುರು ಮಾಡಿದಳು. 'ತಾತ, ಹೊಲಿಗೆ ಮಿಷನ್ನಿಗೆ ಚಕ್ರ ಬಲಗಡೆ ಇರುತ್ತೆ. ನನಗೆ ಎಡಗೈ ಮಿಷನ್ ಎಲ್ಲಿಂದ ತಂದ್ರಿ?' ಅಂದಳು. ನಾಚಿಕೆ ಆಗಿ ಆಗಲೇ ಸರಿಯಾದ್ದು ಹಾಕಿಕೊಟ್ಟೆ."

"ತಪ್ಪು ಪ್ರಿಂಟ್ ಏನಾಯ್ತು?"

"ಹರಿದು ಹಾಕ್ತೀನಿ ಅಂದೆ. ಬಿಡಲಿಲ್ಲ. 'ಕೊಡಿ ತಾತ, ಅಪ್ಪನಿಗೆ ಕಳಿಸ್ತೀನಿ, ಅವರು ಈ ಮನೆ ನೋಡೇ ಇಲ್ಲ' ಅಂದಳು. ಅಂಥದ್ದು ಇದ್ದಿದ್ದು ಅದೊಂದೇ."

ಸಾಹೇಬರು ಮನಸ್ಸಿನಲ್ಲೇ ಕೂಡಿಸಿದರು. ಆ ಮನೆಯನ್ನು ಕಣ್ಣಾರೆ ಕಂಡಿಲ್ಲದವರು. ತಪ್ಪು ಫೋಟೋ ಒಂದನ್ನೇ ನೋಡಿದವರು. ಕೋಣೆ ಬಲಗಡೆಗಿದೆ ಎಂದು ನಂಬಿದವರು.

ಮೂಗರ್ಜಿಯನ್ನು ಮತ್ತೆ ಹೊರತೆಗೆದರು. ಅಚ್ಚು ಹಾಕಿದಂಥ ಅಕ್ಷರ. ಎಡಗಡೆ ಮೂರು ಬೆರಳಗಲ ಅಂಚು ಬಿಟ್ಟು ಹಾಳೆಯನ್ನು ಮಡಿಸಿದ ಗೆರೆ. ಮೇಲೆ ಬಲಮೂಲೆಯಲ್ಲಿ ಏನೂ ಬರೆಯದ ಒಂದು ಚೌಕ. ಆ ಚೌಕ ಮೊನ್ನೆಯಿಂದ ಅವರ ತಲೆ ತಿನ್ನುತ್ತಿತ್ತು.

ಈಗ ತಟ್ಟನೆ ನೆನಪಾಯಿತು. ಈ ದೇಶಕ್ಕೆ ಬರುವ ಮೊದಲು, ಪಾಸ್‌ಪೋರ್ಟಿಗೆಂದು ಅಮ್ಮನ ಜೊತೆ ಹೋಗಿ ಊರಿನ ಕಚೇರಿಯ ಮರದ ಕೆಳಗೆ ಕೂತಿದ್ದ ಅರ್ಜಿ ಬರೆಯುವವರ ಮುಂದೆ ನಿಂತಿದ್ದು. ಅವರು ಮೊದಲು ಹಾಳೆ ಮಡಿಸಿ ಅಂಚು ಮಾಡಿದ್ದರು. ಆಮೇಲೆ ಮೂಲೆಯಲ್ಲಿ ಸ್ಟಾಂಪು ಅಂಟಿಸಲು ಚೌಕದಷ್ಟು ಜಾಗ ಬಿಟ್ಟಿದ್ದರು. ಅದಾದ ಮೇಲೇ ಮೊದಲ ಅಕ್ಷರ. "ಹೀಗೆ ಬರೆದ್ರೆ ಯಾವ ಸರ್ಕಾರವೂ ಇಲ್ಲ ಅನ್ನಲ್ಲ ತಾಯಿ" ಎಂದು ಅಮ್ಮನಿಗೆ ಧೈರ್ಯ ಹೇಳಿದ್ದರು. ಈ ದೇಶದ ಕಚೇರಿಯಲ್ಲಿ ಅರ್ಜಿಗೆ ಸ್ಟಾಂಪೇ ಇಲ್ಲ. ಆದರೂ ರೂಢಿ ಬಿದ್ದ ಕೈ ಕೇಳಬೇಕಲ್ಲ! ಹೆಸರು ಮುಚ್ಚಿಟ್ಟು ಮೂಗರ್ಜಿ ಬರೆಯುವಾಗಲೂ ಅದು ಸ್ಟಾಂಪಿಗೆ ಜಾಗ ಬಿಟ್ಟಿತ್ತು.

ಸಾಹೇಬರು ಪಿಆರ್ ಅರ್ಜಿಯ ಮೊದಲ ಪುಟ ತಿರುವಿದರು. ಪತ್ನಿಯ ತಂದೆಯ ಉದ್ಯೋಗ: ಅರ್ಜಿ ಬರಹಗಾರ.

"ಏನಾಯ್ತೋ? ಮುಖ ಯಾಕೆ ಹೀಗಾಯ್ತು?" ಎಂದ ಸ್ಟುಡಿಯೋದವನು.

"ಒಬ್ಬ ಅಪ್ಪ ಸಿಕ್ಕಿಬಿದ್ದ ಕಣೋ" ಎಂದರು ಸಾಹೇಬರು. ಕಳ್ಳ ಸಿಕ್ಕಾಗ ಬರುವ ಖುಷಿ ಮಾತ್ರ ಬರಲಿಲ್ಲ.

*

ಹೊಲಿಗೆಯವಳು ಚಹಾ ತಂದಿಟ್ಟಳು. ಸಾಹೇಬರು ಲೋಟ ಮುಟ್ಟಲಿಲ್ಲ.

"ತಪ್ಪು ಪ್ರಿಂಟ್ ಆಗಿತ್ತಲ್ಲಮ್ಮ, ಎಡಗೈ ಮಿಷನ್ ಫೋಟೋ. ಅದೆಲ್ಲಿದೆ?"

ಸೆರಗಿಗೆ ಒರೆಸಿಕೊಳ್ಳುತ್ತಿದ್ದ ಅವಳ ಕೈ ನಿಂತಿತು.

"ಅಪ್ಪನಿಗೆ ಕಳಿಸಿದ್ರಿ. ಅಲ್ವಾ?"

ಅವಳು ಮಿಷನ್ನಿನ ಮೇಲಿದ್ದ ಬಟ್ಟೆ ಮಡಿಸತೊಡಗಿದಳು.

"ನೋಡಮ್ಮ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ಈ ಮೂಗರ್ಜಿ ಬರೆದವರು ಈ ಮನೆಗೆ ಕಾಲಿಟ್ಟಿಲ್ಲ. ಆ ಫೋಟೋ ನೋಡಿದ್ದಾರೆ. ಅರ್ಜಿ ಬರೆದು ಬರೆದು ಕೈ ಪಳಗಿದೆ. ಯಾರು ಅಂತ ನಿಮಗೆ ಮೊದಲ ದಿನವೇ ಗೊತ್ತಾಗಿತ್ತು. ಅಪ್ಪನ ಹೆಸರು ಹೇಳಿದ್ರೆ ನೀವು ಉಳೀತೀರಿ. ಆದ್ರೆ ಸುಳ್ಳು ಅರ್ಜಿ ಕೊಟ್ಟವರು ಹತ್ತು ವರ್ಷ ಈ ದೇಶಕ್ಕೆ ಬರೋ ಹಾಗಿಲ್ಲ. ಅದಕ್ಕೇ ಬಾಯಿ ಹೊಲಿದುಕೊಂಡು ಕೂತಿದ್ದೀರಿ."

ಅವಳು ಮಿಷನ್ನಿನ ಕೆಳಗಿನ ಡ್ರಾಯರ್ ಎಳೆದಳು. ದಾರದ ಉಂಡೆಗಳ ಅಡಿಯಿಂದ ಒಂದು ಫೋಟೋ ತೆಗೆದು ಲೋಟದ ಪಕ್ಕ ಇಟ್ಟಳು.

ಮಿಷನ್ನಿನ ಚಕ್ರ ಎಡಗಡೆಗಿತ್ತು. ಕೋಣೆ ಬಲಗಡೆಗಿತ್ತು.

"ಕಳಿಸಲೇ ಇಲ್ಲ ಸಾಹೇಬರೇ. ಕಳಿಸೋ ಹೊತ್ತಿಗೆ ಅಪ್ಪ ಬಿದ್ದು ಸೊಂಟ ಮುರ್ಕೊಂಡ್ರು ಅಂತ ಫೋನ್ ಬಂತು."

ಸಾಹೇಬರು ಫೋಟೋ ನೋಡಿದರು, ಅವಳನ್ನು ನೋಡಿದರು. "ಮತ್ತೆ ಅರ್ಜಿ?"

"ಅಪ್ಪನ ಕೈ ನಡುಗೋಕೆ ಶುರುವಾಗಿ ಏಳು ವರ್ಷ. ಜನಕ್ಕೆ ಗೊತ್ತಾದ್ರೆ ಗಿರಾಕಿ ಹೋಗುತ್ತೆ ಅಂತ, ಅವರು ಬಾಯಲ್ಲಿ ಹೇಳೋರು, ಪಕ್ಕದಲ್ಲಿ ಕೂತು ನಾನು ಬರೀತಿದ್ದೆ. ನನ್ನ ಕೈಯೂ ಪಳಗಿದೆ ಸಾಹೇಬರೇ."

ಮೂವತ್ತೊಂದು ವರ್ಷದ ಅನುಭವವೆಲ್ಲ ಅಡಿಮೇಲಾಗಿ ಬಿತ್ತು. ತನ್ನ ಮೇಲೆ ತಾನೇ ಮೂಗರ್ಜಿ ಹಾಕಿಕೊಂಡವರನ್ನು ಸಾಹೇಬರು ಕಂಡಿರಲಿಲ್ಲ.

"ಯಾಕಮ್ಮ?"

"ಪಿಆರ್ ಕೈಗೆ ಬರೋ ತನಕ ಒಟ್ಟು ತೊಂಬತ್ತು ದಿನಕ್ಕಿಂತ ಹೆಚ್ಚು ದೇಶದ ಹೊರಗಿರಬಾರದು. ಅದು ನಿಮಗೇ ಗೊತ್ತು. ತಮ್ಮನ ಮದುವೆಗೂ ಅಪ್ಪನ ಕಣ್ಣಿನ ಆಪರೇಷನ್ನಿಗೂ ಹೋಗಿ ಎಪ್ಪತ್ತೊಂದು ದಿನ ಮುಗಿಸಿದ್ದೆ. ಉಳಿದಿದ್ದು ಹತ್ತೊಂಬತ್ತು. ಅಪ್ಪನ ಪಕ್ಕ ಮೂರು ತಿಂಗಳು ಯಾರಾದ್ರೂ ಇರಬೇಕು ಅಂದ್ರು ಡಾಕ್ಟರು. ಸಂದರ್ಶನಕ್ಕೆ ಆಗ ಎಂಟು ತಿಂಗಳ ಸರದಿ. ಹೋದ್ರೆ ಎರಡು ವರ್ಷ ಮತ್ತೆ ಮೊದಲ ದಿನದಿಂದ."

"ಗಂಡನಿಗೆ ಹೇಳಬೇಕಿತ್ತು."

"ಹೇಗೆ ಹೇಳಲಿ? ನನ್ನ ಕರೆಸ್ಕೊಳ್ಳೋಕೆ ಹದಿನಾಲ್ಕು ತಿಂಗಳು ಎರಡು ಪಾಳಿ ದುಡಿದ್ರು. ಪಿಆರ್ ದಿನ ಎಣಿಸ್ತಾ ಗೋಡೆ ಮೇಲೆ ದಿನಕ್ಕೊಂದು ಗೀಟು ಎಳೀತಾರೆ. ನಾನಾಗಿ ಹೊರಟ್ರೆ ಅವರನ್ನ ಬಿಟ್ಟು ಹೋದ ಹಾಗೆ. ಆಫೀಸಿನವರೇ ಕಳಿಸಿಬಿಟ್ರೆ ಯಾರ ತಪ್ಪೂ ಇರಲ್ಲ ಅಂತ... ಬುದ್ಧಿ ಓಡಿದ್ದು ಅಷ್ಟೇ."

ಸಾಹೇಬರಿಗೂ ಹಿಂದೊಮ್ಮೆ ಒಂದು ತಂತಿ ಬಂದಿತ್ತು, ಅಮ್ಮನಿಗೆ ಹುಷಾರಿಲ್ಲ ಎಂದು. ಲೆಕ್ಕ ಮುಗಿಯಲು ಆಗ ಮೂವತ್ತೆಂಟು ದಿನ ಬಾಕಿ. "ಹೋಗಿ ಬನ್ನಿ, ಮತ್ತೆ ಒಂದರಿಂದ ಎಣಿಸಿದರಾಯಿತು" ಎಂದು ಹೆಂಡತಿ ಪೆಟ್ಟಿಗೆ ಕೂಡ ಕಟ್ಟಿದ್ದಳು. ಇವರು ಹೋಗಲಿಲ್ಲ. ಪಿಆರ್ ಬಂತು, ಅಮ್ಮ ಇರಲಿಲ್ಲ. ಆ ಮೂವತ್ತೆಂಟು ದಿನವನ್ನು ಅವರು ಇವತ್ತಿಗೂ ಎಣಿಸುತ್ತಲೇ ಇದ್ದಾರೆ.

"ಮನೆಯಲ್ಲೇ ಇರೋಳು ಎಡ ಬಲ ಯಾಕೆ ತಪ್ಪಿದ್ರಿ?"

"ತಪ್ಪಿದ್ದಲ್ಲ. ಹೊಲಿಯೋವಾಗ ಒಳಗೆ ಎರಡು ಬೆರಳು ಬಟ್ಟೆ ಬಿಡ್ತೀವಿ ಸಾಹೇಬರೇ. ನಾಳೆ ಬಿಚ್ಚಿ ದೊಡ್ಡದು ಮಾಡಬೇಕಾದ್ರೆ ಇರಲಿ ಅಂತ. ಹಾಗೆ ಒಂದು ಸುಳ್ಳು ಬಿಟ್ಟಿದ್ದೆ. ಆ ಫೋಟೋ ಮುಂದಿಟ್ಕೊಂಡೇ ಬರೆದೆ. ನಾವಿರೋ ಮನೆ ಮೇಲೆ ಅಂಥ ಮಾತು ಬರೆಯೋಕೆ ಕೈಯೂ ಬರಲಿಲ್ಲ."

"ಈಗ ಬಿಚ್ಚಬೇಕು ಅನಿಸಿದೆಯಾ?"

ಅವಳು ಅಳುತ್ತಲೇ ತಲೆಯಾಡಿಸಿದಳು. "ಪತ್ರ ಡಬ್ಬಿಗೆ ಹಾಕಿ ನಾಲ್ಕನೇ ದಿನ ಅಪ್ಪ ಫೋನ್ ಮಾಡಿದ್ರು. ತಮ್ಮನ ಹೆಂಡತಿ ಬಂದು ನೋಡ್ಕೋತಿದ್ದಾಳೆ, ಕೋಲು ಹಿಡಿದು ಓಡಾಡ್ತಿದೀನಿ ಅಂದ್ರು. 'ನಿನ್ನ ದಿನ ಮುಗಿಸ್ಕೊಂಡೇ ಬಾ, ಅಲ್ಲೀವರೆಗೂ ನಾನೆಲ್ಲೂ ಹೋಗಲ್ಲ' ಅಂತ ಬೈದ್ರು. ನನಗೆ ಇಲ್ಲೇ ಇರಬೇಕು ಸಾಹೇಬರೇ. ಇವರ ಜೊತೆ. ಎಡ ಬಲ ನೀವು ಕಂಡುಹಿಡೀತೀರಿ ಅಂತ ಮೊನ್ನೆಯಿಂದ ಕಾಯ್ತಿದ್ದೆ. ತೋರಿಸಿಕೊಡೋ ಹಾಗಿರಲಿಲ್ಲವಲ್ಲ."

ಬಿಸಿ ತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬರೆದವಳು ಇವಳೇ ಎಂದು ಕಚೇರಿಗೆ ತಿಳಿದರೆ, ಸುಳ್ಳು ಅರ್ಜಿಯ ಹತ್ತು ವರ್ಷ ಇವಳ ತಲೆಗೇ.

ಸಾಹೇಬರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು. ತಪ್ಪು ಫೋಟೋವನ್ನು ಎರಡಾಗಿ, ನಾಲ್ಕಾಗಿ ಹರಿದು ಕೋಟಿನ ಜೇಬಿಗೆ ಹಾಕಿಕೊಂಡರು. ಸಾಕ್ಷ್ಯವೊಂದನ್ನು ಹರಿದದ್ದು ಜೀವಮಾನದಲ್ಲಿ ಅದೇ ಮೊದಲು.

"ಕೇಳಮ್ಮ. ನಾಳೆ ನಾನು ಬರೆದುಕೊಡೋದು ಇಷ್ಟೇ: ಮೂಗರ್ಜಿಯಲ್ಲಿ ಹೇಳಿದ ಕೋಣೆ ಆ ಮನೆಯಲ್ಲಿ ಇಲ್ಲ. ಬರೆದವರು ಮನೆ ನೋಡಿದವರಲ್ಲ. ಯಾರೆಂದು ಗೊತ್ತಾಗಲಿಲ್ಲ. ಹೆಸರಿಲ್ಲದ ಸುಳ್ಳನ್ನ ಕಚೇರಿ ಕಸದ ಬುಟ್ಟಿಗೆ ಹಾಕುತ್ತೆ. ನೀವು ನಾಳೆ ನಿಮ್ಮ ಪಾಡಿಗೆ ಉತ್ತರ ಹೇಳಿ. ಒಂದೆರಡು ತಪ್ಪಾದ್ರೂ ಹೆದರಬೇಡಿ, ನಿಜವಾದ ಗಂಡ ಹೆಂಡತಿ ತಪ್ಪೇ ತಪ್ತಾರೆ."

ಅವಳು ಕಣ್ಣೊರೆಸಿಕೊಂಡು ಮೊದಲ ಸಲ ನಕ್ಕಳು. ಆ ನಗು ನೋಡಿ ಸಾಹೇಬರಿಗೆ ಏಳನೆಯ ಮೆಟ್ಟಿಲು ನೆನಪಾಯಿತು.

ಅಷ್ಟರಲ್ಲಿ ಬಾಗಿಲ ಚಿಲಕ ಸದ್ದಾಯಿತು.

ಬೀಗದವನು ಒಳಬಂದ. ಹೆಗಲಲ್ಲಿ ಕೀಲಿಗಳ ಚೀಲವಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಿಸಿದ ರಸೀದಿ. ಹೆಂಡತಿಯ ಒದ್ದೆ ಕಣ್ಣು ನೋಡಿ ಅವಳ ತಲೆ ಸವರಿದ.

"ಅಳಬೇಡ. ಎಲ್ಲಾ ಮುಗಿಸ್ಕೊಂಡು ಬಂದಿದೀನಿ."

"ಏನು ಮುಗಿಸಿದ್ಯಪ್ಪಾ?" ಎಂದರು ಸಾಹೇಬರು.

"ನಿನ್ನೆ ನೀವು ಆ ಹಾಳೆ ತೋರಿಸಿದ್ರಲ್ಲ ಸಾಹೇಬರೇ. ಮೂರು ಬೆರಳು ಅಂಚು, ಮೇಲೊಂದು ಚೌಕ. ಹದಿನಾಲ್ಕು ತಿಂಗಳು ಅಂಥದ್ದೇ ಹಾಳೆಗೆ ದಾರಿ ಕಾದೋನು ನಾನು. ಆ ಚೌಕದಲ್ಲಿ ಒಂದು ಹೂವೋ ಹಕ್ಕಿಯೋ ಬರೆದು ವಾಪಸ್ ಕಳಿಸ್ತಿದ್ದೆ. ನನಗೆ ಗೊತ್ತಾಗದೇ ಇರುತ್ತಾ?"

ಹೊಲಿಗೆಯವಳು ಮಂಚದ ಅಂಚು ಹಿಡಿದುಕೊಂಡಳು.

"ಯಾಕೆ ಬರೆದೆ ಅಂತ ನಾನು ಕೇಳಲ್ಲ" ಎಂದ ಅವಳಿಗೆ. "ನಿಂಗೆ ಏನೋ ಸಂಕಟ ಇತ್ತು, ನಾನು ಗೀಟು ಎಳೀತಾ ಕೂತಿದ್ದೆ." ಆಮೇಲೆ ಸಾಹೇಬರ ಕಡೆ ತಿರುಗಿದ. "ಸುಳ್ಳು ಅರ್ಜಿ ಕೊಟ್ಟೋರಿಗೆ ಶಿಕ್ಷೆ ಅಂತ ನೀವೇ ಅಂದ್ರಿ. ಅದಕ್ಕೇ ಬೆಳಿಗ್ಗೆಯಿಂದ ಕಚೇರಿಯ ಸಾಲಲ್ಲಿ ನಿಂತು, ಜಗಳದ ಸಿಟ್ಟಲ್ಲಿ ಆ ಮೂಗರ್ಜಿ ಬರೆದೋನು ನಾನೇ ಅಂತ ಬರೆದುಕೊಟ್ಟು ಸಹಿ ಹಾಕಿ ಬಂದೆ. ನಾನು ಈ ದೇಶದೋನು, ನನ್ನನ್ನ ಎಲ್ಲಿಗೆ ಕಳಿಸ್ತಾರೆ? ಇನ್ನು ಇವಳಿಗೇನೂ ತೊಂದ್ರೆ ಇಲ್ಲ. ಅಲ್ವಾ ಸಾಹೇಬರೇ?"

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಸಾಹೇಬರು ಮೊದಲ ದಿನ ಹೇಳುತ್ತಿದ್ದ ಪಾಠವೊಂದಿತ್ತು. ಸ್ಪೌಸ್ ವೀಸಾ ಎಂದರೆ ಒಂಟಿ ಕಂಬದ ಚಪ್ಪರ. ಕರೆಸಿಕೊಂಡ ಗಂಡನೇ ಆ ಕಂಬ. ಹೆಂಡತಿಯ ಮೇಲೆ ಅವನೇ ದೂರು ಕೊಟ್ಟರೆ, ಅದು ಸುಳ್ಳೇ ಇರಲಿ, ಅವನ ಹೊಣೆ ಅವತ್ತಿಗೇ ರದ್ದು. ಸಂದರ್ಶನವಿಲ್ಲ, ಪ್ರಶ್ನೆಯಿಲ್ಲ, ಕಡತ ಮುಚ್ಚುತ್ತದೆ. ಐದು ವರ್ಷ ಅವನು ಯಾರನ್ನೂ ಕರೆಸಿಕೊಳ್ಳುವ ಹಾಗಿಲ್ಲ.

"ರಸೀದಿ ಕೊಡಪ್ಪ" ಎಂದರು. ತೆಗೆದುಕೊಂಡು ಬೆಳಕಿಗೆ ಹಿಡಿದರು.

ಕೌಂಟರಿನ ಮೊಹರು ಇನ್ನೂ ಹಸಿಯಾಗಿತ್ತು. ದಿನವೆಲ್ಲ ಬಂದ ಕಾಗದಗಳನ್ನು ಗುಮಾಸ್ತ ಸಂಜೆ ಐದಕ್ಕೆ ಕಡತಗಳಿಗೆ ಸೇರಿಸುತ್ತಾನೆ. ಅಲ್ಲಿಯವರೆಗೆ ಕೊಟ್ಟವನೇ ರಸೀದಿ ತೋರಿಸಿ ಹಿಂದಕ್ಕೆ ಪಡೆಯಬಹುದು. ಸೇರಿದ ಮೇಲೆ ಅದನ್ನು ತೆಗೆಯುವ ಅಧಿಕಾರ ಯಾರಿಗೂ ಇಲ್ಲ. ಆ ನಿಯಮ ಮಾಡಿಸಿದ್ದೇ ಭೂತಗನ್ನಡಿ ಸಾಹೇಬರು.

ಗಂಡ ಹೆಂಡತಿ ಇಬ್ಬರೂ ಅವರ ಮುಖವನ್ನೇ ನೋಡುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತಾಗಿತ್ತು.